ದಿರ್ಹಮ್ ಹನ್ನೊಂದು ದಾಟಲಿ

ಬೆಂಗಳೂರಿನ ಸಾರಕ್ಕಿಯ ನಮ್ಮ ಮನೆಗೆ ಬೆಳಿಗ್ಗೆ ಪೇಪರ್ ಬಂದ ಕೂಡಲೇ ನನಗೊಂದು ಕೆಲಸವಿತ್ತು. ಡಾಲರ್ ರೇಟು ಹುಡುಕಿ, ಅದನ್ನು ಮೂರು ಪಾಯಿಂಟ್ ಅರವತ್ತೇಳರಿಂದ ಭಾಗಿಸಿ, ಒಂದು ದಿರ್ಹಮ್‌ಗೆ ಎಷ್ಟು ರೂಪಾಯಿ ಎಂದು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆಯಬೇಕು. ಕಾಲೇಜಿಗೆ ಹೋಗುತ್ತಿದ್ದ ನಾನು ಆ ಮನೆಯ ಅರ್ಥಮಂತ್ರಿ. ಅದರ ಜಂಬವೂ ನನಗಿತ್ತು.

ಅಣ್ಣ ಶಾರ್ಜಾದಲ್ಲಿ ವೆಲ್ಡರ್ ಆಗಿದ್ದ, ಸಂಬಳ ದಿರ್ಹಮ್‌ನಲ್ಲಿ. ಅಲ್ಲಿಯ ಬ್ಯಾಂಕಿನಲ್ಲಿ ಉಳಿಸಿದ್ದನ್ನೆಲ್ಲ ಬರುವಾಗ ಒಟ್ಟಿಗೆ ತರಬೇಕು, ಮಹಡಿ ಕಟ್ಟಿಸಿ ಬಾಡಿಗೆಗೆ ಬಿಡಬೇಕು ಎಂಬುದು ಅಪ್ಪನ ಯೋಚನೆ. ಊರಿನ ಹೊಲಗಳೆಲ್ಲ ಸೈಟುಗಳಾಗುವ ಕಾಲದಲ್ಲಿ ಎಲ್ಲರಿಗಿಂತ ಮೊದಲು ಮಾರಿ ಕೈ ಸುಟ್ಟುಕೊಂಡವರು ಅವರು. ಎರಡೇ ವರ್ಷ ತಡೆದಿದ್ದರೆ ನಾಲ್ಕು ಪಟ್ಟು ಬರುತ್ತಿತ್ತು ಎಂದು ಹಲುಬುತ್ತಲೇ ಇದ್ದರು. ಆಮೇಲೆ ಅವರು ಯಾವುದಕ್ಕೂ ಅವಸರಪಡಲಿಲ್ಲ.

ತೊಂಬತ್ತೇಳರ ದೀಪಾವಳಿಗೇ ಬಂದುಬಿಡುತ್ತೇನೆ ಎಂದಿದ್ದ ಅಣ್ಣ. ಆಗ ದಿರ್ಹಮ್ ಒಂಬತ್ತು ರೂಪಾಯಿ ಚಿಲ್ಲರೆ. ಹತ್ತು ದಾಟಲಿ, ಇರು ಎಂದರು ಅಪ್ಪ. ಡಿಸೆಂಬರ್ ಹೊತ್ತಿಗೆ ದಾಟಿತು. ಶುಕ್ರವಾರ ಅಣ್ಣನಿಗೆ ರಜ, ಫೋನ್ ಬಂತು.

"ಹತ್ತಾಯ್ತಲ್ಲ ಪುಟ್ಟಿ, ಟಿಕೆಟ್ ಮಾಡಿಸ್ಲಾ?"

"ಹನ್ನೊಂದಾಗ್ಲಿ ಅಂತಿದಾರೆ ಅಪ್ಪ. ಆ ಒಂದು ರೂಪಾಯಿಲೇ ಮಹಡಿ ಮೋಲ್ಡ್ ಹಾಕ್ಸೋ ಖರ್ಚು ಬಂದ್ಬಿಡುತ್ತೆ, ಗೊತ್ತಾ ಅಣ್ಣ?"

ಆ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದವಳು ನಾನೇ. ಅವರನ್ನು ಬಯ್ಯುವ ಯೋಗ್ಯತೆ ನನಗಿಲ್ಲ.

ಅಣ್ಣ ಟಿಕೆಟ್ಟಿನ ಮಾತು ಬಿಟ್ಟ. "ಮೆಟ್ಲು ಹತ್ತಿದ್ರೆ ಎದೆ ಒಂಥರಾ ಹಿಡ್ಕೊಳ್ಳುತ್ತೆ ಕಣೆ. ಅಪ್ಪಂಗೆ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾರೆ," ಎಂದ. ನಾನು ಹೇಳಲಿಲ್ಲ. ಹೇಳಿದ್ದರೆ ಅಪ್ಪ ಮರುದಿನವೇ ಅವನನ್ನು ಕರೆಸಿಕೊಳ್ಳುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತು.

ಮೇ ತಿಂಗಳಲ್ಲಿ ರೂಪಾಯಿ ಇನ್ನಷ್ಟು ಬಿತ್ತು. ದೇಶಕ್ಕೆ ಕಷ್ಟ ಕಾದಿದೆ ಎಂದು ಪೇಪರಿನವರು ಬರೆಯುತ್ತಿದ್ದರೆ ನಮ್ಮ ಮನೆಯಲ್ಲಿ ಹಬ್ಬ. ಹನ್ನೊಂದು ದಾಟಿದ ದಿನ ಕೆಂಪು ಇಂಕಿನಲ್ಲಿ ಬರೆದೆ. "ಸಾಕು, ಇನ್ನು ಬರ್ಲಿ," ಎಂದರು ಅಪ್ಪ. ಶುಕ್ರವಾರ ಫೋನ್ ಬಂದಾಗ ಹೇಳೋಣ ಎಂದುಕೊಂಡೆವು. ಬುಧವಾರವೇ ಫೋನ್ ಬಂತು. ಮಾತಾಡಿದವನು ಅಣ್ಣನ ರೂಮಿನಲ್ಲಿದ್ದ ಗೆಳೆಯ. ಕೆಲಸದ ಜಾಗದಲ್ಲೇ ಅಣ್ಣ ಕುಸಿದುಬಿದ್ದಿದ್ದ. ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು.

ಆಗಸ್ಟಿನಲ್ಲಿ ಅವನ ಉಳಿತಾಯ, ಪರಿಹಾರ ಎಲ್ಲ ಸೇರಿಸಿ ದಿರ್ಹಮ್‌ನಲ್ಲೇ ಒಂದು ಡ್ರಾಫ್ಟ್ ಬಂತು. ಅಪ್ಪ, ಅಮ್ಮ, ನಾನು ಜಯನಗರದ ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದವರಿಗೆ ಅದು ಎಂಥ ದುಡ್ಡೆಂದು ಗೊತ್ತಿರಲಿಲ್ಲ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು:

"ರೇಟ್ ಏರ್ತಾನೇ ಇದೆ ಸಾರ್. ಡ್ರಾಫ್ಟ್‌ಗೆ ಇನ್ನೂ ಟೈಮಿದೆ. ಅರ್ಜೆಂಟ್ ಇಲ್ಲ ಅಂದ್ರೆ ಒಂದೆರಡು ತಿಂಗ್ಳು ಬಿಟ್ಟು ಹಾಕಿ."

"ಹಂಗಾದ್ರೆ ಕಾಯೋಣ," ಎಂದುಬಿಟ್ಟರು ಅಪ್ಪ. ಡ್ರಾಫ್ಟನ್ನು ಮಡಚಿ ಜೇಬಿಗೆ ಹಾಕಿಕೊಳ್ಳಲೂ ಹೊರಟರು.

ಅಣ್ಣನ ತಿಥಿ ಮುಗಿದ ಮೇಲೆ ಅಮ್ಮ ಅಪ್ಪನ ಜೊತೆ ಮಾತೇ ಆಡಿರಲಿಲ್ಲ. ಆವತ್ತು ಅಷ್ಟು ಜನರ ಮುಂದೆ, ದನಿ ಏರಿಸದೆ ಕೇಳಿದರು:

"ಇನ್ಯಾರನ್ನ ಕಾಯಿಸ್ಬೇಕು ಅಂತಿದೀರಿ?"

ಅಪ್ಪ ಕೌಂಟರಿನ ಕಡೆ ತಿರುಗಿ, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದರು.