ಪುಸ್ತಕ ಮುಚ್ಚಿ ಹೇಳಿ, ಅತ್ತಿಗೆ

ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಅವಳನ್ನು ಎಲ್ಲರೂ ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ನರ ಸಿಗದ ಮುದುಕರನ್ನು, ಸೂಜಿ ಕಂಡರೆ ಮೇಜಿನ ಕೆಳಗೆ ನುಸುಳುವ ಮಕ್ಕಳನ್ನು ಅವಳ ಕಡೆಗೇ ಕಳಿಸುತ್ತಿದ್ದರು. ಅದೂ ಇದೂ ಮಾತಾಡುತ್ತ ತೋಳಿಗೆ ಪಟ್ಟಿ ಬಿಗಿದು, ಬೆರಳಲ್ಲಿ ತಡವಿ, ಅವರು ಹಲ್ಲು ಕಚ್ಚುವಷ್ಟರಲ್ಲಿ ಕೆಲಸ ಮುಗಿಸಿಬಿಡುತ್ತಿದ್ದಳು. ಅಂಥ ಕೈ ಪ್ರವೇಶ ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಪೆನ್ನು ಹಿಡಿಯಲಾರದೆ ನಡುಗಿತ್ತು. ಒಂದು ಸಲವಲ್ಲ, ಎರಡು ಸಲ.

ಲ್ಯಾಬ್ ತಂತ್ರಜ್ಞಾನದ ಪದವಿಗೆ ಸೇರುವ ಪರೀಕ್ಷೆ ಅದು. ಆ ಪದವಿ ಇಲ್ಲದೆ ಎಷ್ಟು ವರ್ಷ ದುಡಿದರೂ ರಕ್ತ ತೆಗೆಯುವ ಕುರ್ಚಿ ಬಿಟ್ಟು ಒಳಗಿನ ಯಂತ್ರಗಳ ಕೋಣೆಗೆ ಕಾಲಿಡುವಂತಿರಲಿಲ್ಲ. ಕಾಲೇಜಿನಲ್ಲಿ ಬೆರಳೆಣಿಕೆಯ ಸೀಟು. ವಯಸ್ಸಿನ ಮಿತಿ ಬೇರೆ. ಈ ಸಲ ತಪ್ಪಿದರೆ ಮುಂದಿನ ವರ್ಷ ಅವಳು ಅರ್ಜಿ ಹಾಕುವಂತೆಯೇ ಇರಲಿಲ್ಲ.

ಓದಲಿಲ್ಲ ಎಂದು ಅವಳನ್ನು ಯಾರೂ ದೂರುವಂತಿರಲಿಲ್ಲ. ಒಂದೊಂದು ಪಾಠವನ್ನೂ ಎಷ್ಟು ಸಲ ತಿರುವಿ ಹಾಕಿದ್ದಳೆಂದರೆ ಪುಟಗಳ ಅಂಚು ಬಟ್ಟೆಯಂತೆ ಮೆತ್ತಗಾಗಿತ್ತು. ಮುಖ್ಯವೆನಿಸಿದ ಸಾಲಿಗೆ ಬಣ್ಣದ ಪೆನ್ನಿನಿಂದ ಗೆರೆ ಎಳೆಯುವ ಅಭ್ಯಾಸ ಅವಳಿಗೆ. ಕೊನೆಗೆ ಬಣ್ಣ ಬೀಳದ ಸಾಲನ್ನೇ ಹುಡುಕಬೇಕಾಗಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಆ ಪುಸ್ತಕ ನೋಡಿ, ಪೇಂಟಿಂಗ್ ಕೆಲಸ ಮುಗಿದಿದ್ದರೆ ಇನ್ನು ಗಾಡಿ ರಸ್ತೆಗಿಳಿಸಬಹುದಲ್ಲ ಎಂದು ಒಮ್ಮೆ ಹೇಳಿದ್ದ. ಅವಳು ನಕ್ಕಿರಲಿಲ್ಲ.

ಮನೆಯಲ್ಲಿ ಅತ್ತೆಯೂ ನಾದಿನಿಯೂ ಇದ್ದರು. ಚಿಕ್ಕಂದಿನಲ್ಲಿ ಏನಾದರೂ ಬೇಕೆಂದರೆ ಸಿಗುವವರೆಗೂ ಒಂದೇ ಸಮನೆ ರಾಗ ಎಳೆಯುತ್ತಿದ್ದಳೆಂದು ನಾದಿನಿಗೆ ಪಿಟೀಲು ಎಂಬ ಹೆಸರು ಅಂಟಿಕೊಂಡಿತ್ತು. ಪಿಯುಸಿ ಮುಗಿಸಿ, ಕನ್ನಡಕದ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ದುಡಿದು, ಅದನ್ನೂ ಬಿಟ್ಟು ಮನೆಯಲ್ಲಿದ್ದಳು. ಅತ್ತಿಗೆ ಓದುವಾಗ ಎದುರು ಕೂತು ತರಕಾರಿ ಹೆಚ್ಚುವುದು, ನಡುನಡುವೆ ಪುಸ್ತಕ ಎಳೆದು ನೋಡುವುದು ಅವಳ ರೂಢಿ.

ಒಂದು ಸಂಜೆ ಪಿಟೀಲು ಪುಸ್ತಕವನ್ನು ಮುಚ್ಚಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅತ್ತಿಗೆ, ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದ ರಕ್ತ ಯಾಕೆ ಹೆಪ್ಪುಗಟ್ಟಲ್ಲ?"

ದಿನವೂ ಅಂಥ ಟ್ಯೂಬುಗಳನ್ನು ತುಂಬುವವಳು ಸೂಜಿ ಅಕ್ಕ. ಉತ್ತರ ಯಾವ ಪುಟದಲ್ಲಿದೆ, ಎಡಗಡೆಯೋ ಬಲಗಡೆಯೋ, ಅದರ ಮೇಲೆ ಯಾವ ಬಣ್ಣ ಎಳೆದಿದ್ದೇನೆ ಎಂಬುದೆಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಉತ್ತರ ಮಾತ್ರ ಬಾಯಿಗೆ ಬರಲಿಲ್ಲ.

"ಅದು ನಾನು ಓದಿದ್ದೀನಿ ಕಣೇ," ಎಂದಳು.

"ಓದಿದ್ದೀರಿ, ನಾನೇ ನೋಡಿದ್ದೀನಿ. ಪುಸ್ತಕ ಮುಚ್ಚಿ ಹೇಳಿ."

ಸೂಜಿ ಅಕ್ಕ ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ಸದ್ದು ಮಾಡುತ್ತ ತೊಳೆದಳು. ಅಂದು ಯಾರೂ ಪುಸ್ತಕದ ಸುದ್ದಿ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಅವಳೇ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ರಕ್ತ ಹೆಪ್ಪುಗಟ್ಟುವ ಪಾಠದಲ್ಲಿ ನೆನಪಿದ್ದದ್ದನ್ನೆಲ್ಲ ಪುಸ್ತಕ ನೋಡದೆ ಬರೆಯಲು ಕೂತಳು. ನಾಲ್ಕಾರು ಸಾಲಿಗೇ ಪೆನ್ನು ನಿಂತಿತು. ಆಮೇಲೆ ಪುಸ್ತಕ ತೆರೆದು ನೋಡಿದರೆ ಆ ನಾಲ್ಕಾರು ಸಾಲಿನಲ್ಲೂ ತಪ್ಪು. ಇಷ್ಟು ದಿನ ಓದಿದೆನೆಂದು ನಂಬಿದ್ದು ಬರೀ ಕಣ್ಣಿನ ಪರಿಚಯ. ತಲೆಯೊಳಗೆ ಏನೂ ಇಳಿದಿರಲಿಲ್ಲ. ಎರಡು ಸಲ ಪರೀಕ್ಷೆಯ ಕೋಣೆಯಲ್ಲಿ ಕೈ ನಡುಗಿದ್ದು ಭಯಕ್ಕೆ ಎಂದುಕೊಂಡಿದ್ದಳು. ಭಯಪಡಲು ಕಾರಣವೂ ಇತ್ತೆಂಬುದು ಈಗ ಗೊತ್ತಾಯಿತು.

ಅವಳು ನಾದಿನಿಯನ್ನು ಹುಡುಕಿಕೊಂಡು ತಾರಸಿಗೆ ಹೋದಳು. ಇನ್ನು ದಿನಾ ಹೀಗೇ ಕೇಳು ಎಂದಳು.

ಅಲ್ಲಿಂದ ಓದಿನ ರೀತಿಯೇ ಬದಲಾಯಿತು. ಊಟವಾದ ಮೇಲೆ ತೂಕಡಿಸುತ್ತ ಓದುವುದನ್ನು ಬಿಟ್ಟು ಬೇಗ ಮಲಗಿ, ಬೆಳಕು ಹರಿಯುವಾಗ ಏಳತೊಡಗಿದಳು. ಮೊದಲು ಬಿಳಿ ಹಾಳೆ, ಆಮೇಲೆ ಪುಸ್ತಕ. ಬಟ್ಟೆ ಒಣಹಾಕುವಾಗ ಪಿಟೀಲು ಪ್ರಶ್ನೆ ಕೇಳುತ್ತಿದ್ದಳು. ಒಂದು ಪಾಠ ಮುಗಿಸಿ ಇನ್ನೊಂದು ಎಂಬ ಕ್ರಮವಿಲ್ಲದೆ, ಹೃದಯದ ಕವಾಟದ ಬೆನ್ನಿಗೇ ಮಸೂರ, ಮಸೂರದ ಬೆನ್ನಿಗೇ ಆಮ್ಲ. ಮರೆತದ್ದನ್ನು ಎರಡು ದಿನ ಬಿಟ್ಟು ಮತ್ತೆ ಕೇಳುತ್ತಿದ್ದಳು. ಎರಡನೇ ಸಲವೂ ಮರೆತರೆ ಸೂಜಿ ಅಕ್ಕನಿಗೆ ಅಳು ಬರುವಂತಾಗುತ್ತಿತ್ತು. ಆದರೆ ಹಾಗೆ ಅಳು ಬರಿಸಿದ ಪ್ರಶ್ನೆ ಮೂರನೇ ಸಲ ಮರೆಯುತ್ತಿರಲಿಲ್ಲ. ರಕ್ತದ ಕ್ಯಾಲ್ಸಿಯಮನ್ನು ಟ್ಯೂಬಿನ ರಾಸಾಯನಿಕ ಕಟ್ಟಿಹಾಕುತ್ತದೆ, ಅದಕ್ಕೇ ಹೆಪ್ಪುಗಟ್ಟುವುದಿಲ್ಲ ಎಂಬುದನ್ನು ಈಗ ನಿದ್ದೆಯಲ್ಲಿ ಕೇಳಿದರೂ ಹೇಳುವಂತಾಗಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಒದ್ದೆ ಹೊದಿಕೆಯ ಆ ತುದಿಯನ್ನು ಹಿಡಿದುಕೊಂಡೇ ಪಿಟೀಲು ಹೇಳಿದಳು, "ಅತ್ತಿಗೆ, ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ. ನಾನೂ ಅರ್ಜಿ ಹಾಕಿದ್ದೀನಿ."

"ಯಾವುದಕ್ಕೆ?"

"ಇದೇ ಪರೀಕ್ಷೆಗೆ. ನಿಮಗೆ ಕೇಳ್ತಾ ಕೇಳ್ತಾ ನಂಗೂ ಆಸೆ ಆಯ್ತು."

ಸೂಜಿ ಅಕ್ಕ ಹೊದಿಕೆಯನ್ನು ಹಿಂಡಿದಳು. ಒಂದು ಹನಿ ನೀರೂ ಉಳಿಯದಂತೆ ಹಿಂಡಿದಳು. ಒಳ್ಳೆಯದಾಯಿತು ಎಂದು ಬಾಯಿ ಹೇಳಿತು. ಮರುದಿನ ಅವಳು ತಾರಸಿಗೆ ಬಟ್ಟೆ ಒಯ್ಯಲಿಲ್ಲ.

ಮನೆ ಬಿಗುವಾಯಿತು. ಅತ್ತಿಗೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಓದಿದರೆ, ನಾದಿನಿ ಅಡುಗೆಮನೆಯ ಮೂಲೆ ಹಿಡಿದಳು. ಒಬ್ಬಳು ನೀರು ಕುಡಿಯಲು ಬಂದರೆ ಇನ್ನೊಬ್ಬಳು ಪುಸ್ತಕದ ಮೇಲೆ ಕೈ ಅಡ್ಡ ಇಡುತ್ತಿದ್ದಳು. ಹೆಂಡತಿಯ ಪರ ಮಾತಾಡಿದರೆ ತಂಗಿಗೆ ಸಿಟ್ಟು, ತಂಗಿಯ ಪರ ಮಾತಾಡಿದರೆ ಹೆಂಡತಿಗೆ. ಗಂಡ ಡಿಪೋದಲ್ಲಿ ಹೆಚ್ಚುವರಿ ಪಾಳಿ ಕೇಳಿ ಪಡೆದ. ಕೇಳುವವರಿಲ್ಲದೆ ಸೂಜಿ ಅಕ್ಕ ಮತ್ತೆ ಬಣ್ಣದ ಪೆನ್ನು ಹಿಡಿದಳು. ತೆರೆದ ಪುಸ್ತಕ ನೋಡಿದರೆ ಎಲ್ಲ ಬರುತ್ತದೆ ಅನ್ನಿಸುತ್ತಿತ್ತು, ಮನಸ್ಸಿಗೆ ಹಾಯೆನಿಸುತ್ತಿತ್ತು.

ಒಂದು ಭಾನುವಾರ ತರಬೇತಿ ಕೇಂದ್ರವೊಂದರಲ್ಲಿ ಅಣಕು ಪರೀಕ್ಷೆ ಇತ್ತು. ಇಬ್ಬರೂ ಬರೆದರು, ಬೇರೆ ಬೇರೆ ಬಸ್ಸಿನಲ್ಲಿ ಹೋಗಿ. ಸೂಜಿ ಅಕ್ಕನಿಗೆ ಅರ್ಧ ಪತ್ರಿಕೆಯನ್ನೂ ಮುಟ್ಟಲಾಗಲಿಲ್ಲ. ಪಿಟೀಲಿಗೂ ಹೇಳಿಕೊಳ್ಳುವಂಥ ಅಂಕ ಬರಲಿಲ್ಲ. ಅವಳು ಇಷ್ಟು ದಿನ ಕೇಳಿದ್ದಳೇ ಹೊರತು ಉತ್ತರಿಸಿರಲಿಲ್ಲ. ಅತ್ತಿಗೆಯ ಬಾಯಿಂದ ಬಂದ ಉತ್ತರವನ್ನೆಲ್ಲ ತನ್ನದೆಂದುಕೊಂಡಿದ್ದಳು.

ಮರುದಿನ ಆಸ್ಪತ್ರೆಯಲ್ಲಿ ಮುದುಕನೊಬ್ಬನ ತೋಳಿನಲ್ಲಿ ಸೂಜಿ ಅಕ್ಕನಿಗೆ ನರ ತಪ್ಪಿತು. ಇನ್ನೊಮ್ಮೆ ಚುಚ್ಚಿದಳು, ಮತ್ತೂ ತಪ್ಪಿತು. ಚರ್ಮದ ಕೆಳಗೆ ನೀಲಿ ಗಂಟು ಎದ್ದಿತು. ಮುದುಕ ಅವಳ ಮುಖ ನೋಡಿ ತೋಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಮೇಲಧಿಕಾರಿ ಬಂದು, ಇವತ್ತು ಮನೆಗೆ ಹೋಗು ಎಂದರು.

ಅವಳು ಹೊತ್ತಿಗೆ ಮುಂಚೆ ಬಂದದ್ದನ್ನು ನೋಡಿಯೂ ಅತ್ತೆ ಕಾರಣ ಕೇಳಲಿಲ್ಲ. ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದರು. ಸೊಸೆಯೂ ಪಕ್ಕದಲ್ಲಿ ಕೂತು ಮಡಿಸತೊಡಗಿದಾಗ ಹೇಳಿದರು, "ಒಬ್ಬಳಿಗೆ ಸಿಕ್ಕರೆ ಇನ್ನೊಬ್ಬಳು ಅಳ್ತಾಳೆ. ಅದಕ್ಕೆ ನಾನು ತಯಾರಾಗಿದ್ದೀನಿ. ಇಬ್ಬರೂ ಅಳೋಕೆ ಕೂತ್ರೆ ನಂಗೆ ಸುಧಾರಿಸೋಕೆ ಆಗಲ್ಲಮ್ಮ, ವಯಸ್ಸಾಯ್ತು."

ಸೂಜಿ ಅಕ್ಕನಿಗೆ ನಗು ಬಂತು, ಹಿಂದೆಯೇ ಅಳುವೂ. ಅವಳು ಎದ್ದು ಅಡುಗೆಮನೆಗೆ ಹೋಗಿ ಪಿಟೀಲಿನ ಎದುರಿನ ಪುಸ್ತಕವನ್ನು ಮುಚ್ಚಿದಳು. ಇನ್ನು ಇಬ್ಬರೂ ಕೇಳುವುದು, ಇಬ್ಬರೂ ಹೇಳುವುದು ಎಂದು ಮಾತಾಯಿತು. ಉತ್ತರ ಬಾರದವಳನ್ನು ಇನ್ನೊಬ್ಬಳು ಆಡಿಕೊಳ್ಳಬಾರದು ಎಂಬ ಷರತ್ತನ್ನು ಪಿಟೀಲು ಹಾಕಿದಳು. ಅವಳೇ ಅದನ್ನು ಮೊದಲು ಮುರಿದಳು ಎನ್ನುವುದು ಬೇರೆ ಮಾತು.

ಆದರೂ ಸೂಜಿ ಅಕ್ಕನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ, ತಂದೆ ತಾಯಿಯ ಗುಣ ಮಕ್ಕಳಿಗೆ ಇಳಿಯುವ ಅನುವಂಶೀಯತೆಯ ಪಾಠದಿಂದ ಪ್ರತಿಸಲವೂ ಪ್ರಶ್ನೆ ಬಂದಿರುವುದನ್ನು ಅವಳು ಗಮನಿಸಿದ್ದಳು. ಲೆಕ್ಕಾಚಾರವಿದೆಯೆಂದು ಪಿಟೀಲು ಆ ಪಾಠವನ್ನು ಬಿಟ್ಟು ಹಾರುತ್ತಿದ್ದಳು. ಅವಳಿಗೆ ಇನ್ನೂ ವಯಸ್ಸಿದೆ, ನನಗೆ ಇದೇ ಕೊನೆ ಎಂದುಕೊಂಡಳು. ಅದನ್ನು ಕೇಳದಿದ್ದರೆ ಮೋಸವೇನಲ್ಲವಲ್ಲ, ಪುಸ್ತಕ ಅವಳ ಕೈಯಲ್ಲೂ ಇದೆಯಲ್ಲ. ಹೀಗೆ ದಿನ ದೂಡಿದಳು. ಬೇರೆಲ್ಲ ಕೇಳಿದಳು, ಅದೊಂದನ್ನು ಬಿಟ್ಟು. ಪಿಟೀಲು ಪ್ರತಿಯೊಂದು ಉತ್ತರವನ್ನೂ ಹೇಳಿ, ಸರಿಯಾ ಅತ್ತಿಗೆ ಎಂದು ಮುಖ ನೋಡುತ್ತಿದ್ದಳು. ಆ ನೋಟ ಎದುರಿಸುವುದು ದಿನದಿನಕ್ಕೆ ಕಷ್ಟವಾಯಿತು. ಕೊನೆಗೊಂದು ಬೆಳಗ್ಗೆ ಬೇರೇನೂ ಮಾತಿಲ್ಲದೆ ಅನುವಂಶೀಯತೆಯ ಪ್ರಶ್ನೆ ಹಾಕಿದಳು.

"ಅಯ್ಯೋ, ಅದು ಬೇಡ," ಎಂದಳು ಪಿಟೀಲು.

"ಬೇಕು. ಪ್ರತಿಸಲ ಬಂದಿದೆ. ಕೂತ್ಕೋ, ತೋರಿಸ್ತೀನಿ."

ತೋರಿಸುತ್ತ ಹೋದಂತೆ ತನಗೂ ಅದು ಅರ್ಧಂಬರ್ಧ ಬರುತ್ತಿತ್ತೆಂದು ಗೊತ್ತಾಯಿತು. ಇಬ್ಬರೂ ಮೊದಲಿನಿಂದ ಕಲಿತರು.

ಕೊನೆಯ ವಾರ ಹೊಸ ಪಾಠ ಮುಟ್ಟಲಿಲ್ಲ. ಗಡಿಯಾರ ಎದುರಿಟ್ಟುಕೊಂಡು ಹಳೆಯ ಪತ್ರಿಕೆಗಳನ್ನು ಬಿಡಿಸಿದರು. ಎಲ್ಲಿ ತಪ್ಪಿತು ಎನ್ನುವುದಕ್ಕಿಂತ ಯಾಕೆ ತಪ್ಪಿತು ಎಂದು ಜಗಳವಾಡಿದರು. ಸೂಜಿ ಅಕ್ಕನ ತಪ್ಪುಗಳಲ್ಲಿ ಅರ್ಧದಷ್ಟು ಪ್ರಶ್ನೆಯನ್ನು ಪೂರ್ತಿ ಓದದೆ ಆದದ್ದು. ಬಾರದ ಪ್ರಶ್ನೆಯನ್ನು ಹಿಡಿದು ಜಗ್ಗುತ್ತ ಕೂರುವುದು ಅವಳ ಇನ್ನೊಂದು ಚಾಳಿ. ಬಿಟ್ಟು ಮುಂದೆ ಹೋಗಿ ಎಂದು ಪಿಟೀಲು ಮೇಜು ಕುಟ್ಟುತ್ತಿದ್ದಳು.

ಪರೀಕ್ಷೆಯ ದಿನ ಪತ್ರಿಕೆ ಕೈಗೆ ಬಂತು. ಮೊದಲ ಪ್ರಶ್ನೆ ಓದಿದಳು. ಮತ್ತೊಮ್ಮೆ ಓದಿದಳು. ಅಕ್ಷರ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ. ಎರಡು ಸಾಲು ಮುಂದೆ ಪಿಟೀಲು ಬಗ್ಗಿ ಬರೆಯುತ್ತಿದ್ದಳು. ಕೋಣೆಯ ತುಂಬ ಹಾಳೆ ಮಗುಚುವ ಸದ್ದು; ತನ್ನೊಬ್ಬಳ ಮೇಜಿನಲ್ಲಿ ಮಾತ್ರ ಇಲ್ಲ. ಇನ್ನೇನು ಕಣ್ಣು ಕತ್ತಲೆ ಬರುತ್ತದೆ ಅನ್ನಿಸಿದಾಗ ಅವಳು ಮೊದಲ ಪ್ರಶ್ನೆಯನ್ನು ಬಿಟ್ಟಳು. ಎರಡನೆಯದನ್ನೂ ಬಿಟ್ಟಳು. ಮೂರನೆಯದು ಮೂತ್ರಪಿಂಡದ್ದು. ಅದು ಬರುತ್ತಿತ್ತು. ಉತ್ತರ ಗುರುತು ಮಾಡಿದಳು. ಮುಂದಿನದೂ ಬಂತು. ಬಹಳ ಹೊತ್ತಿನ ಮೇಲೆ ಹಿಂದಿರುಗಿ ಮೊದಲ ಪ್ರಶ್ನೆ ನೋಡಿದರೆ ಅದೇನೂ ಕಷ್ಟದ್ದಾಗಿರಲಿಲ್ಲ.

ಫಲಿತಾಂಶದ ದಿನ ಇಬ್ಬರೂ ಫೋನ್ ಮುಟ್ಟಲಿಲ್ಲ. ಗಂಡನೇ ಡಿಪೋದಲ್ಲಿ ನೋಡಿ, ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಮನೆಗೆ ಬಂದ. ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿದ, ಆಮೇಲೆ ತಂಗಿಯನ್ನು.

"ಹೇಳಣ್ಣ," ಎಂದಳು ಪಿಟೀಲು. "ಯಾರದ್ದು ಇಲ್ಲ?"

ಅವನು ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಗ್ರೀಸ್ ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ಅಷ್ಟೇ ಸಾಕಾಯಿತು. ಸೂಜಿ ಅಕ್ಕನ ಹೆಸರು ಪಟ್ಟಿಯ ಕೊನೆಗಿತ್ತು. ಪಿಟೀಲಿಗೆ ಕೂದಲೆಳೆಯಲ್ಲಿ ಸೀಟು ತಪ್ಪಿತ್ತು. ಅನುವಂಶೀಯತೆಯ ಪ್ರಶ್ನೆಗಳೆಲ್ಲ ಅವಳಿಗೆ ಸರಿಯಾಗಿದ್ದವು, ಭೌತಶಾಸ್ತ್ರ ಕೈಕೊಟ್ಟಿತ್ತು.

ಸಂಜೆಯೇ ಅವಳು ಚೀಲ ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಹೋದಳು. ಅಭಿನಂದನೆ ಹೇಳಿಯೇ ಹೋದಳು, ಆದರೆ ಅತ್ತಿಗೆಯ ಮುಖ ನೋಡಲಿಲ್ಲ. ಸೂಜಿ ಅಕ್ಕನಿಗೆ ಸೀಟು ಸಿಕ್ಕಿದ ಸಂತೋಷವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅತ್ತೆಯ ಮುಂದೆ ನಗಲಾರಳು, ಗಂಡನ ಮುಂದೆ ಅಳಲಾರಳು.

ಕಾಲೇಜು ಶುರುವಾಗಿ ಕೆಲವು ವಾರ ಕಳೆದ ಮೇಲೆ ಪಿಟೀಲು ಬಂದಳು. ಚೀಲ ಮೂಲೆಗಿಟ್ಟು, ಕೈಕಾಲು ತೊಳೆದು, ಅತ್ತಿಗೆ ಬಡಿಸಿದ್ದನ್ನು ಉಣ್ಣಲು ಕೂತಳು. ಸಾರನ್ನ ಮುಗಿಸಿ ಹೇಳಿದಳು, "ನಿಮ್ಮ ಮೇಲೆ ನಂಗೆ ಕೋಪ ಇದೆ ಅತ್ತಿಗೆ. ತಪ್ಪು ನಿಮ್ಮದಲ್ಲ ಅಂತ ಗೊತ್ತು, ಆದ್ರೂ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ ಬಿಡು," ಎಂದಳು ಸೂಜಿ ಅಕ್ಕ. "ಮಜ್ಜಿಗೆ ಹಾಕ್ಲಾ?"

"ಹಾಕಿ."

ಮುಂದಿನ ವರ್ಷ ಪಿಟೀಲು ಅತ್ತಿಗೆಯ ಸಹಾಯ ಬೇಡವೆಂದಳು. ಚಿಕ್ಕಮ್ಮನ ಬೀದಿಯ ಗೆಳತಿಯರಿಬ್ಬರ ಜೊತೆ ಕೂತು, ಭೌತಶಾಸ್ತ್ರದಿಂದಲೇ ಶುರುಮಾಡಿ, ಪುಸ್ತಕ ಮುಚ್ಚಿಸಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡರಂತೆ. ಅವಳಿಗೆ ಬೇರೊಂದು ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫಲಿತಾಂಶ ಬಂದಾಗ ಸೂಜಿ ಅಕ್ಕ ತರಗತಿಯಲ್ಲಿದ್ದಳು. ಫೋನ್ ಅಲುಗಿ, ಕರೆ ಪಿಟೀಲಿನದೆಂದು ಕಂಡದ್ದೇ, ಪಾಠ ಮಾಡುತ್ತಿದ್ದವರ ಅಪ್ಪಣೆಯನ್ನೂ ಕೇಳದೆ ಎದ್ದು ಹೊರಗೆ ಓಡಿದಳು.