ಹತ್ತು ಗಂಟೆ ಅಕ್ಕನ ಇಪ್ಪತ್ತಾರು ನೋಟ್‌ಬುಕ್ಕು

ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರಮ್ಮನನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹತ್ತು ಗಂಟೆ ಅಕ್ಕ ಎಂದೇ. ಆಕಾಶ ಕಳಚಿ ಬಿದ್ದರೂ ಸರಿ, ಬೆಳಿಗ್ಗೆ ಹತ್ತಕ್ಕೆ ಆಕೆ ಥರ್ಮಾಮೀಟರ್ ಹಿಡಿದು ಲ್ಯಾಬಿನ ಹಿಂದಿನ ಕೊಳಕ್ಕೆ ಇಳಿಯಬೇಕು. ಕೆಲಸಕ್ಕೆ ಸೇರಿದ ವರ್ಷ ಒಬ್ಬ ಮೇಷ್ಟ್ರು, "ದಿನಾ ನೀರಿನ ಬಿಸಿ ನೋಡಿ ಬರೆದಿಡಮ್ಮ. ಕಪ್ಪೆ ಮೊಟ್ಟೆ ಕಂಡ್ರೆ ಅದನ್ನೂ ಬರಿ" ಅಂದಿದ್ದರು. ಆಮೇಲೆ ವರ್ಗವಾಗಿ ಹೋದರು. ಸಾಕು ನಿಲ್ಲಿಸು ಅನ್ನುವುದನ್ನು ಮರೆತೇಬಿಟ್ಟರು. ಹೇಳದೆ ನಿಲ್ಲಿಸುವ ಜಾಯಮಾನ ಆಕೆಯದಲ್ಲ. ರಜಾದಿನಗಳಲ್ಲೂ ಬರುತ್ತಿದ್ದಳು, "ಕಪ್ಪೆಗಿರೋ ಮರ್ಯಾದೆ ನನಗಿಲ್ಲ" ಎಂದು ಗಂಡ ಗೊಣಗುತ್ತಿದ್ದ. ಹಾಗೆ ವರ್ಷಕ್ಕೊಂದು ನೋಟ್‌ಬುಕ್ಕು ತುಂಬುತ್ತ ಇಪ್ಪತ್ತಾರು ವರ್ಷ ಕಳೆದು, ಈ ತಿಂಗಳು ನಿವೃತ್ತಿ.

ಅದೇ ತಿಂಗಳು ಮೊದಲ ವರ್ಷದ ಹುಡುಗಿಯೊಬ್ಬಳು ಮುಖ ಸಪ್ಪೆ ಮಾಡಿಕೊಂಡು ಪ್ರೊಫೆಸರರ ಕೋಣೆಯಿಂದ ಹೊರಬಂದಳು. ಸಂಶೋಧನೆಗೆ ಸೇರಿಸಿಕೊಳ್ಳಿ ಎಂದು ಕೇಳಲು ಹೋಗಿದ್ದಳು, ಮೂರನೇ ಸಲ.

"ಕೊನೇ ವರ್ಷ ಬಾ ಅಂದ್ರು ಅಕ್ಕ. ಈ ವರ್ಷ ಏನಾದ್ರೂ ಮಾಡಿ ತೋರಿಸದಿದ್ರೆ ಅಪ್ಪ ಓದು ಬಿಡಿಸಿ ಅಂಗಡೀಲಿ ಕೂರಿಸ್ತಾರೆ."

ಅಕ್ಕನಿಗೆ ಸಮಾಧಾನ ಹೇಳುವುದು ಬರುತ್ತಿರಲಿಲ್ಲ. "ಹತ್ತಾಯ್ತು, ಬಾ" ಎಂದು ಕೊಳದ ಹತ್ತಿರ ಕರೆದೊಯ್ದು ಥರ್ಮಾಮೀಟರನ್ನು ಕೈಗಿತ್ತಳು. ಹುಡುಗಿ ನೋಡಿದಳು, ಬರೆದಳು, ಮರುದಿನವೂ ಬಂದಳು. ನಾಲ್ಕನೇ ದಿನ ಬೀರುವಿನ ಹಳೇ ನೋಟ್‌ಬುಕ್ಕುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತವಳು ಊಟಕ್ಕೂ ಏಳಲಿಲ್ಲ.

"ಅಕ್ಕ, ಇಲ್ನೋಡಿ. ನೀವು ಸೇರಿದ ವರ್ಷಕ್ಕಿಂತ ಈಗ ಕಪ್ಪೆ ಹದಿನೆಂಟು ದಿನ ಮುಂಚೆ ಮೊಟ್ಟೆ ಇಡ್ತಿದೆ. ನೀರು ವರ್ಷ ವರ್ಷ ಬಿಸಿಯಾಗ್ತಾ ಬಂದಿದೆ."

ಅಕ್ಕ ದಂಗಾದಳು. ಅಂಕಿಗಳು ತಾನೇ ಬರೆದವು, ಆದರೆ ದಿನಕ್ಕೊಂದರಂತೆ ಮಾತ್ರ ಕಂಡಿದ್ದಳು. ಇಷ್ಟು ದೊಡ್ಡ ಸಂಗತಿ ತನ್ನ ಕಣ್ಣೆದುರೇ, ತನ್ನ ವಕ್ರ ಅಕ್ಷರದಲ್ಲೇ, ಸದ್ದಿಲ್ಲದೆ ನಡೆದುಹೋಗಿತ್ತಲ್ಲ!

ಇಬ್ಬರೂ ನೋಟ್‌ಬುಕ್ಕು ಹೊತ್ತು ಪ್ರೊಫೆಸರರ ಬಳಿ ಹೋದರು. ಪುಟ ತಿರುಗಿಸುತ್ತ ತಿರುಗಿಸುತ್ತ ಅವರು ಎದ್ದು ನಿಂತೇಬಿಟ್ಟರು. ಅಕ್ಕ ನಿಂತಿರುವಾಗ ತಾವು ಕೂತಿರುವುದು ಅವರಿಗೆ ಆವತ್ತೇ ಮೊದಲು ಸರಿ ಕಾಣಲಿಲ್ಲವೇನೋ.

"ಅಮ್ಮಾ, ಇದನ್ನ ಇಷ್ಟು ವರ್ಷ ಯಾಕೆ ಯಾರಿಗೂ ತೋರಿಸಲಿಲ್ಲ?"

"ಯಾರೂ ಕೇಳಲಿಲ್ಲ ಸರ್. ಇವಳೇ ಮೊದಲು ತೆಗೆದು ನೋಡಿದ್ದು."

ಪ್ರೊಫೆಸರು ಹುಡುಗಿಯತ್ತ ತಿರುಗಿದರು. ದನಿ ಮೆತ್ತಗಾಗಿತ್ತು. "ಸೋಮವಾರದಿಂದ ನನ್ನ ಜೊತೆ ಕೆಲಸ ಶುರು ಮಾಡ್ತೀಯೇನಮ್ಮ?"

ಹುಡುಗಿ ಬಾಯಿ ತೆರೆಯುವ ಮೊದಲೇ ಉತ್ತರ ಅಕ್ಕನೇ ಕೊಟ್ಟಳು.

"ಅವಳು ಶುರು ಮಾಡಿ ನಾಲ್ಕು ದಿನ ಆಯ್ತು ಸರ್. ಇವತ್ತಿಂದೂ ಅವಳೇ ಬರೆದಿದ್ದಾಳೆ."