ನಾನೇ ಆರಿಸಿದ ಕಬ್ಬಿಣದ ಕೈ

ಆ ಕಬ್ಬಿಣದ ಕೈಯನ್ನು ಆರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯವರು ಒಂದು ದಿನವೂ ಅದನ್ನು ಎತ್ತಿ ನನ್ನನ್ನು ದೂರಲಿಲ್ಲ. ದೂರಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ನನ್ನ ಬಾಯಿ ಅಂಥದ್ದು.

ಅವರು ಬೆಟಗೇರಿಯ ನೇಕಾರರಿಗೆ ಸೀರೆಯ ಅಂಚಿನ, ಸೆರಗಿನ ನಕ್ಷೆ ಬರೆದುಕೊಡುತ್ತಿದ್ದರು. ಸಣ್ಣ ಸಣ್ಣ ಚೌಕಗಳ ದೊಡ್ಡ ಹಾಳೆ. ಒಂದೊಂದು ಚೌಕಕ್ಕೂ ‘ಮನಿ’ ಎನ್ನುತ್ತಿದ್ದರು. ಹಾಳೆಯಲ್ಲಿ ಒಂದು ಮನಿ ಎಂದರೆ ಮಗ್ಗದಲ್ಲಿ ಒಂದು ಎಳೆ. ಬಣ್ಣ ತುಂಬಬೇಕಾದ ಮನಿ ಖಾಲಿ ಬಿಟ್ಟರೆ ಸೀರೆಯ ಉದ್ದಕ್ಕೂ ಅದೇ ತಪ್ಪು ಮೂಡುತ್ತದೆ. ಹದಿನೈದು ವರ್ಷದಲ್ಲಿ ಅವರು ಒಂದು ಮನಿ ತಪ್ಪಿದವರಲ್ಲ. ನಾನು ಕನ್ನಡ ಶಾಲೆಯ ಅಕ್ಕೋರು, ದಿನಾ ನಲವತ್ತು ಪಾಟಿ ತಿದ್ದುವವಳು. ನನಗೇ ಆ ಹಾಳೆ ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಊರಲ್ಲಿ ಅವರಿಗಿದ್ದ ಮರ್ಯಾದೆ, ನಮ್ಮ ಒಲೆಯ ಮೇಲಿನ ಅನ್ನ, ಎರಡೂ ಅವರ ಕಣ್ಣಿನ ದುಡಿಮೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ನೇಕಾರರೊಬ್ಬರು ಹೊಸ ಸೀರೆ ತಂದು ನಮ್ಮ ಕಟ್ಟೆಯ ಮೇಲೆ ಹಾಸಿದರು.

“ರಾಯರ, ಸಿಟ್ಟಾಗಬ್ಯಾಡ್ರಿ. ಬಲಗಡಿ ನೋಡ್ರಿ, ಅಂಚಿನ ಗೋಪುರದ ಮಗ್ಗಲಾ ಕೊಯ್ದಂಗ ಆಗೇತಿ. ಹಾಳ್ಯಾಗ ಎರಡ ಸಾಲ ಮನಿ ಖಾಲಿ ಬಿಟ್ಟೀರಿ.”

ನಮ್ಮವರು ಸೀರೆಯನ್ನು ನೋಡಿದರು, ಹಾಳೆ ತರಿಸಿ ನೋಡಿದರು. ಆಮೇಲೆ ಕತ್ತಿನ ಹಿಂದೆ ಕೈಯಿಟ್ಟುಕೊಂಡು, “ಕತ್ತ ಹಿಡದೈತಪಾ. ಬಗ್ಗಿ ನೋಡಾಕ ಆಗವಲ್ದು” ಎಂದರು.

ನಾನು ಆ ಮಾತನ್ನು ಗಬಕ್ಕನೆ ಹಿಡಿದುಕೊಂಡೆ. ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಡೆಸ್ಕಿನ ಮೇಲೆ ಬಾಗಿ ಬರೆಯುವುದು ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

“ನೋಡ್ರಿ ಮತ್ತ! ಹದಿನೈದ ವರ್ಷ ಗೂನ ಹಾಕ್ಕೊಂಡ ಕುಂತ್ರ ಕತ್ತ ಹಿಡೀಲಾರದ ಏನ ಮಾಡತೈತಿ? ಕುರ್ಚಿ ಮ್ಯಾಲ ಕುಂಡ್ರರಿ. ಹಲಗೀನ ನಿಮ್ಮ ಮುಖದ ಮುಂದ ನಿಂದರೂಹಂಗ ಮಾಡಸೂಣು.”

ಅವರು ಹೂಂ ಎಂದರು. ಕತ್ತಿನದು ನೆಪ ಎಂದು ಅವರಿಗೇ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯ ಆಗಲಿಲ್ಲ.

ನನ್ನ ತವರು ಲಕ್ಷ್ಮೇಶ್ವರ. ಅಲ್ಲಿನ ಒಬ್ಬ ಹಿರಿಯ ಬಡಿಗ್ಯಾರು ಸಾಗವಾನಿಯ ಹಲಗೆಗೆ ಹಿಂದೆ ಹಲ್ಲುಹಲ್ಲಿನ ಆಸರೆ ಕೊಟ್ಟು, ಮೇಜಿನ ಮೇಲೆ ನಿಲ್ಲುವ ಹಾಗೆ ಮಾಡಿಟ್ಟಿದ್ದರು. ಅವರ ಅಂಗಡಿಗೆ ಹೋದೆವು, ನಮ್ಮವರು ಕುರ್ಚಿಯಲ್ಲಿ ಕುಳಿತರು. ಬಡಿಗ್ಯಾರು ಹಲಗೆಗೆ ಹಾಳೆ ಚುಚ್ಚಿ, ಬಲಮಗ್ಗುಲಲ್ಲಿ ನಿಂತು ಪೆನ್ಸಿಲ್ಲು ಚಾಚಿದರು. ನಮ್ಮವರು ಕೈ ಒಡ್ಡಲಿಲ್ಲ. ಸುಮ್ಮನೆ ಮುಂದೆ ನೋಡುತ್ತ ಕುಳಿತಿದ್ದರು. ಪೆನ್ಸಿಲ್ಲು ಬೆರಳಿಗೆ ತಾಗಿದ ಮೇಲೆ ಬೆಚ್ಚಿ ತೆಗೆದುಕೊಂಡರು. ಎಳೆದ ಗೆರೆ ಹಾಳೆ ದಾಟಿ ಮರದ ಮೇಲೆ ಹೋಯಿತು.

ಬಡಿಗ್ಯಾರು ನನ್ನನ್ನು ಬಾಗಿಲ ಕಡೆ ಕರೆದರು. “ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ಇದು ಕತ್ತಿಂದಲ್ರಿ. ಮಗ್ಗಲದಾಗ ನಿಂತ ನಾನ ಅವರಿಗೆ ಕಾಣಲಿಲ್ಲ. ರಾಯರ ಕಣ್ಣ ಒಮ್ಮೆ ತೋರಸ್ರಿ.”

ನನಗೆ ಎಲ್ಲಿತ್ತೋ ಸಿಟ್ಟು! ಯಾರ ಕಣ್ಣಿಗೆ ಇವನು ಹೆಸರಿಡುವುದು? ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು, ಎಲ್ಲರಿಗೂ ಕೇಳುವಂತೆ ಅಂದೆ: “ಅವರ ಕಣ್ಣಿಗೇನ ಧಾಡಿ ಆಗೇತಿ? ನಿಮ್ಮ ಹಲಗೀನ ಸೊಟ್ಟ ಐತಿ!”

ಬಡಿಗ್ಯಾರು ಮೂಲೆ ಅಳೆಯುವ ಪಟ್ಟಿ ತಂದು ಹಲಗೆಯ ನಾಲ್ಕೂ ಮೂಲೆಗೆ ಹಚ್ಚಿ ನೋಡಿದರು. ನಾಲ್ಕೂ ಸರಿ ಇದ್ದವು. ನಾನೂ ನೋಡಿದೆ. ನೋಡಿಯೂ ಗಂಡನ ತೋಳು ಹಿಡಿದು ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಬಂದೆ.

ಊರಿಗೆ ವಾಪಸು ಬರುವಾಗ ಶಿರಹಟ್ಟಿಯಲ್ಲಿ ಇಳಿದೆವು. ಅಲ್ಲೊಬ್ಬ ವೆಲ್ಡಿಂಗಿನವನು ಕಬ್ಬಿಣದ ಸ್ಟ್ಯಾಂಡು ಮಾಡುತ್ತಾನೆಂದು ಕೇಳಿದ್ದೆ. ಸ್ಕ್ರೂ ತಿರುವಿದರೆ ಹಲಗೆ ಮೇಲೆ ಏರುತ್ತಿತ್ತು, ಕೆಳಗೆ ಇಳಿಯುತ್ತಿತ್ತು. ನನಗೆ ಅದೇ ಸಾಕೆನಿಸಿತು.

ನಮ್ಮವರು ಕೇಳಿದರು, “ಆಜೂಬಾಜೂ ಹೊಳ್ಳತೈತೇನ?”

“ಇಲ್ರಿ, ಮ್ಯಾಲ ಕೆಳಗ ಅಷ್ಟ.”

“ಹಂಗಾರ ಬ್ಯಾಡ” ಎಂದು ಎದ್ದುಬಿಟ್ಟರು. ಕತ್ತು ಬಗ್ಗದವನಿಗೆ ಮೇಲೆ ಕೆಳಗೆ ಆದರೆ ಸಾಕಲ್ಲ, ಆಜೂಬಾಜೂ ಯಾಕೆ ಬೇಕು? ಇಷ್ಟು ಸರಳ ಪ್ರಶ್ನೆ ನನ್ನ ತಲೆಗೆ ಹೊಳೆಯಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ದಡ್ಡ ಎಂದು ಬೈಯುತ್ತಿದ್ದವಳು ನಾನು.

ತಿಂಗಳೊಪ್ಪತ್ತಿನಲ್ಲಿ ಮುಂಡರಗಿಯ ನಾದಿನಿಯ ಮನೆಗೆ ಹೋಗಿದ್ದೆವು. ಅಲ್ಲಿನ ಗುಜರಿ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಕೈ. ಹಲ್ಲಿನ ಡಾಕ್ಟರರ ಹಳೆಯ ಕುರ್ಚಿಯಿಂದ ಬಿಚ್ಚಿದ್ದಂತೆ. ಎರಡು ಮೊಣಕೈ, ತುದಿಗೊಂದು ತಿರುಗುವ ಮಣಿಕಟ್ಟು. ಎಳೆದರೆ ಹತ್ತಿರ, ನೂಕಿದರೆ ದೂರ, ಎಡಕ್ಕೆ, ಬಲಕ್ಕೆ, ಮೇಲಕ್ಕೆ; ಬಿಟ್ಟಲ್ಲೇ ನಿಲ್ಲುತ್ತಿತ್ತು. ನಮ್ಮವರು ಅದನ್ನು ಹಿಡಿದು ಮುಖದ ಮುಂದೆ ಈ ಕಡೆಯಿಂದ ಆ ಕಡೆಗೆ ಆಡಿಸಿದರು. ಎಷ್ಟೋ ದಿನದ ಮೇಲೆ ನಕ್ಕರು.

“ಇದ ನೋಡ. ಇದ ಬೇಕಾಗಿತ್ತು ನನಗ.”

ನಾನು ಗೆದ್ದವಳ ಹಾಗೆ ಅದನ್ನು ಗೋಣಿಚೀಲದಲ್ಲಿ ಸುತ್ತಿಸಿ ಬಸ್ಸಿಗೆ ಹಾಕಿಸಿದೆ. ಬೆಟಗೇರಿಯ ಲೇತಿನವನು ತುದಿಗೆ ಪ್ಲೈವುಡ್ ಹಲಗೆ ಕೂಡಿಸಿ, ಬುಡವನ್ನು ಮೇಜಿಗೆ ಬಿಗಿದುಕೊಟ್ಟ.

ಆಮೇಲಿನ ಒಂದೂಕಾಲು ವರ್ಷ ಒಂದು ಮನಿಯೂ ತಪ್ಪಲಿಲ್ಲ. ಅವರು ಮುಖ ನೆಟ್ಟಗೆ ಇಟ್ಟುಕೊಂಡು ಕೂಡುತ್ತಿದ್ದರು. ಎಡಗೈಯಿಂದ ಹಲಗೆಯನ್ನು ಒಂದಿಷ್ಟು ಎಳೆಯುವುದು, ನಾಲ್ಕು ಮನಿ ತುಂಬುವುದು, ಮತ್ತೆ ಒಂದಿಷ್ಟು ಎಳೆಯುವುದು. ಎಳೆದಾಗೊಮ್ಮೆ ಕೈ ಕಿರ್ರ್ ಎನ್ನುತ್ತಿತ್ತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಆ ಸಪ್ಪಳ ಕೇಳಿದರೆ ನನಗೆ ಹೊಟ್ಟೆ ತಂಪಾಗುತ್ತಿತ್ತು. ಶಾಲೆಯಲ್ಲಿ ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡೆ.

ಆದರೆ ಮೇಜು ಬಿಟ್ಟು ಎದ್ದರೆ ಸಾಕು, ತಂಬಿಗೆ ಒದೆಯುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದರು. ತಾಟಿನ ಬದಿಗಿಟ್ಟ ಚಟ್ನಿಯನ್ನು ಮುಟ್ಟದೆಯೇ, “ಚಟ್ನಿ ಹಾಕಲಿಲ್ಲೇನ?” ಎನ್ನುತ್ತಿದ್ದರು. “ಲಕ್ಷ್ಯ ಎಲ್ಲಿ ಇಟ್ಟೀರಿ? ಗೋಪುರದಾಗ ಬಿಟ್ಟ ಬಂದೀರೇನ?” ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಕೂದಲೆಳೆಯಷ್ಟು ಗೆರೆ ತಪ್ಪದವನಿಗೆ ಕಣ್ಣು ಕಾಣುವುದಿಲ್ಲ ಎಂದು ಯಾರಾದರೂ ನಂಬುತ್ತಾರೆಯೇ?

ಒಂದು ಮಧ್ಯಾಹ್ನ ಪೇಟೆಯಲ್ಲಿ ನೂಲು ಹೇರಿದ ಕೈಗಾಡಿ ಬಲಗಡೆಯಿಂದ ಬಂದು ಅವರನ್ನು ಕೆಡವಿತು. ಗಾಡಿಯವನು ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇದ್ದನಂತೆ; ಇವರು ಗಾಡಿ ಹಿಂದಿದೆ ಎಂದುಕೊಂಡು ಅದರ ಮುಂದೆಯೇ ಹೋಗಿದ್ದರು. ಭುಜದ ಎಲುಬು ಕಟ್ಟಿದ ಡಾಕ್ಟರರು ಕಣ್ಣಿನವರ ಹತ್ತಿರ ಕಳಿಸಿದರು. ಹುಬ್ಬಳ್ಳಿಗೆ ಹೋದೆವು.

ಕಣ್ಣಿನ ಡಾಕ್ಟರರು ತಮ್ಮ ಬೆರಳನ್ನು ಇವರ ಕಿವಿಯ ಪಕ್ಕ ಹಿಡಿದು ನಿಧಾನ ಮುಂದೆ ತಂದರು. “ಬೆರಳ ಕಂಡಾಗ ಹೇಳ್ರಿ.” ಬೆರಳು ಕೆನ್ನೆ ದಾಟಿತು. ಕಣ್ಣಿನ ಕೊನೆಗೆ ಬಂದಿತು. ಹೇಳಲಿಲ್ಲ. ಮೂಗಿನ ನೇರಕ್ಕೆ ಬಂದಾಗ “ಹಾಂ, ಈಗ” ಎಂದರು. ಬಡಿಗ್ಯಾರು ಚಾಚಿದ ಪೆನ್ಸಿಲ್ಲು ನನ್ನ ಕಣ್ಣ ಮುಂದೆ ಬಂದಿತು.

ಕಾಚಬಿಂದು ಎಂದರು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತದೆ, ಮೊದಲು ಬದಿಯ ನೋಟ ಹೋಗುತ್ತದೆ, ನೋವೇನೂ ಇರುವುದಿಲ್ಲ, ಹೋದದ್ದು ಬರುವುದಿಲ್ಲ. “ಉಳದದ್ದ ಬರೇ ಒಂದ ಕಿಂಡಿ. ಇದರಾಗ ನಕ್ಷಿ ಹ್ಯಾಂಗ ಬರದ್ರಿ ನೀವು?”

ನಮ್ಮವರ ಮುಖ ಅರಳಿತು. “ನಮ್ಮಾಕಿ ಒಂದ ಕಬ್ಬಿಣದ ಕೈ ಆರಿಸಿ ಕೊಟ್ಟಾಳ್ರಿ. ಹಾಳೀನ ಕಣ್ಣಿನ ಮುಂದ ಬರತೈತಿ. ಭಾಳ ಛಲೋ ಐತ್ರಿ.”

ಡಾಕ್ಟರರು ನನ್ನ ಕಡೆ ನೋಡಿದರು. “ಅದು ಇರಲಿಲ್ಲಂದ್ರ ವರ್ಷದ ಹಿಂದನ ಬರತಿದ್ರಿ. ಆವಾಗ ಬಂದಿದ್ರ ಇನ್ನೂ ಭಾಳ ಉಳಿಸಬಹುದಿತ್ತು.” ನೋಯಿಸಬೇಕೆಂದು ಅಂದದ್ದಲ್ಲ. ಇದ್ದದ್ದನ್ನು ಅಂದರು.

ಹನಿ ಹಾಕಿದೆವು, ಆಪರೇಷನ್ನೂ ಆಯಿತು. ಎರಡು ವರ್ಷದಲ್ಲಿ ಆ ಕಿಂಡಿಯೂ ಮುಚ್ಚಿತು. ಕೊನೆಕೊನೆಗೆ ಅವರು ಬರೆಯಲು ಏನೂ ಇಲ್ಲದಿದ್ದರೂ ಮೇಜಿಗೆ ಕುಳಿತು ಹಲಗೆಯನ್ನು ಎಳೆದು ಎಳೆದು ನೋಡುತ್ತಿದ್ದರು. ಕಿರ್ರ್, ಕಿರ್ರ್. ನಾನು ತಾಳಲಾರದೆ ಅದನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ.

ಅದಾದ ಮೇಲೆ ಅಣ್ಣನ ಮಗಳ ಮದುವೆಗೆ ನಾನೊಬ್ಬಳೇ ಲಕ್ಷ್ಮೇಶ್ವರಕ್ಕೆ ಹೋದೆ. ಬಡಿಗ್ಯಾರ ಅಂಗಡಿ ತಪ್ಪಿಸಿ ಹೋಗಬೇಕೆಂದಿದ್ದೆ, ಅವರು ಹೊರಗೇ ಕುಳಿತಿದ್ದರು. ಮುಪ್ಪಾಗಿದ್ದರು. ನನ್ನ ಗುರುತು ಹಿಡಿದು ಎದ್ದು ನಿಂತರು.

“ಅಕ್ಕೋರ, ರಾಯರ ಕಣ್ಣ ತೋರಿಸಿದ್ರೇನ್ರಿ?”

“ತೋರಿಸಿದಿವಿ.”

“ಏನಂದ್ರು ಡಾಕ್ಟರು?”

ಹೇಳಬಹುದಿತ್ತು. ಕೈ ಮುಗಿದು, ನಿಮ್ಮ ಮಾತು ಕೇಳಬೇಕಿತ್ತು ಎನ್ನಬಹುದಿತ್ತು. ನನ್ನ ಹಾಳು ನಾಲಿಗೆ ಹೊರಳಲಿಲ್ಲ.

“ಕಣ್ಣಿಗೇನೂ ಆಗಿಲ್ಲಂದ್ರು. ನಿಮ್ಮ ಹಲಗೀನ ಸೊಟ್ಟ ಇತ್ತು.”

ನಾಲ್ಕೂ ಮೂಲೆ ತಾನೇ ಅಳೆದು ನೋಡಿದ ಮನುಷ್ಯ. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಸೊಟ್ಟ ಇದ್ರ ಇರಲಿ ಬಿಡ್ರಿ, ಅಕ್ಕೋರ. ಅವರ ಕಣ್ಣ ಆರಾಮ ಅದಾವಲ್ಲ, ಅಷ್ಟ ಸಾಕು. ಅವತ್ತಿನಿಂದ ನನ್ನ ಜೀವಕ್ಕ ಸಮಾಧಾನ ಇರಲಿಲ್ರಿ. ಕುಂಡ್ರಿ, ನೀರ ತರತೀನಿ.”

ಅವರು ಒಳಗೆ ಹೋದರು. ತಂಬಿಗೆ ತುಂಬುವ ಸಪ್ಪಳ ಕೇಳಿಸಿತು. ಅವರು ಹೊರಗೆ ಬರುವುದರೊಳಗೆ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದೆ.